ಕ್ಷೇತ್ರ–ವಾಸ್ತು ಪರಿಮಾಣ: ಬಡಾವಣೆಯ ಹಿಂಸೆ ಯಾರ ಪಾಲಿಗೆ?

ಪರಿಗ್ರಹಪರಿಮಾಣ ವ್ರತದ ಅತಿಚಾರಗಳನ್ನು ಎಣಿಸುವಾಗ ಉಮಾಸ್ವಾಮಿ ಆಚಾರ್ಯರು ಮೊದಲು ಹೆಸರಿಸಿರುವುದು ಕ್ಷೇತ್ರ ಮತ್ತು ವಾಸ್ತುಗಳನ್ನು. ಕ್ಷೇತ್ರವೆಂದರೆ ಬೆಳೆಯುವ ಹೊಲ. ವಾಸ್ತುವೆಂದರೆ ವಾಸಿಸುವ ಮನೆ. ಬೆಳ್ಳಿ–ಬಂಗಾರ, ಧನ–ಧಾನ್ಯ, ಬಟ್ಟೆಬರೆಗಳು ಅನಂತರ ಬರುತ್ತವೆ. ದಶಲಕ್ಷಣ ಪರ್ವದ ಏಳನೆಯ ದಿನ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ವಾಚನ ನಡೆಯುವಾಗ ಈ ಮಾತನ್ನು ನಾವೆಲ್ಲರೂ ಕೇಳುತ್ತೇವೆ. ಬಂಗಾರದ ಪರಿಮಾಣವನ್ನು ತೊಲೆಯಲ್ಲಿ ಇಟ್ಟುಕೊಳ್ಳಬೇಕೋ ಬೆಲೆಯಲ್ಲಿ ಇಟ್ಟುಕೊಳ್ಳಬೇಕೋ ಎಂದು ಕೇಳುವ ಶ್ರಾವಕರುಂಟು. ಮನೆಯ ಪರಿಮಾಣವನ್ನು ಕುರಿತು ಕೇಳಿದವರನ್ನು ನಾನು ಕಂಡದ್ದು ಅಪರೂಪ. ವಾಸ್ತು ಎಂಬ ಶಬ್ದವೇ ಈಗ ಬೇರೆ ಅರ್ಥಕ್ಕೆ ತಿರುಗಿದೆ. ಬಾಗಿಲು ಯಾವ ದಿಕ್ಕಿಗಿರಬೇಕು, ಒಲೆ ಯಾವ ಮೂಲೆಗಿರಬೇಕು ಎಂಬಲ್ಲಿಗೆ ವಿಚಾರ ಮುಗಿಯುತ್ತದೆ. ಮನೆ ಎಷ್ಟಿರಬೇಕು, ಅದರ ಸಲುವಾಗಿ ಎಷ್ಟು ನೆಲ, ಎಷ್ಟು ನೀರು, ಎಷ್ಟು ಜೀವ ಸವೆಯಬೇಕು ಎಂಬ ಪ್ರಶ್ನೆ ಏಳುವುದೇ ಇಲ್ಲ.

ಈ ಪ್ರಶ್ನೆಯನ್ನು ಈಗ ಎತ್ತಲು ಕಾರಣವುಂಟು. ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ಪಟ್ಟಣಗಳ ಅಂಚಿನಲ್ಲಿ ತೊಗರಿ, ಜೋಳ ಬೆಳೆಯುತ್ತಿದ್ದ ಎರೆಹೊಲಗಳು ಪ್ಲಾಟುಗಳಾಗುತ್ತಿವೆ. ಕಲ್ಲು ನೆಟ್ಟು, ಸುಣ್ಣ ಬಳಿದು, ಅಂಕಿ ಬರೆದು ಮಾರಿದ ಈ ತುಂಡುಗಳಲ್ಲಿ ನಮ್ಮವರೂ ಕೊಂಡಿದ್ದಾರೆ. ಮಗಳ ಮದುವೆಗೆಂದೋ, ಮಗ ನೌಕರಿಯಿಂದ ಊರಿಗೆ ಬಂದರೆ ಇರಲೆಂದೋ ಕೊಂಡಿದ್ದಾರೆ. ಉಪವಾಸ–ವ್ರತಗಳ ಪತ್ರಿಕೆಗೂ ಪ್ಲಾಟಿಗೂ ಏನು ಸಂಬಂಧವೆಂದು ಓದುಗರು ಹುಬ್ಬೇರಿಸಬಹುದು. ಸಂಬಂಧ ಬಹಳ ಹತ್ತಿರದ್ದು. ಅಷ್ಟಮಿ–ಚತುರ್ದಶಿಗಳಂದು ಪ್ರೋಷಧೋಪವಾಸ ಮಾಡುವ ಶ್ರಾವಕನು ಆ ದಿನ ಆಹಾರವನ್ನೂ ಆರಂಭವನ್ನೂ ತ್ಯಜಿಸುತ್ತಾನೆ. ಅವನ ಮನೆ ಮಾತ್ರ ಆ ದಿನವೂ ಉಣ್ಣುತ್ತಿರುತ್ತದೆ. ಮಾಡಿನ ಮೇಲಿನ ತೊಟ್ಟಿಗೆ ನೀರೆತ್ತುವ ಪಂಪು ತಿರುಗುತ್ತದೆ. ಕಾದ ಸ್ಲ್ಯಾಬಿನ ಕೆಳಗೆ ಕೂಲರ್ ಸುತ್ತುತ್ತದೆ. ಬಚ್ಚಲ ನೀರು ಬೀದಿಗೆ ಹರಿದು ನಿಂತಲ್ಲಿ ಹುಳು ಹುಟ್ಟುತ್ತದೆ. ಶ್ರಾವಕನ ಉಪವಾಸ ಮರುದಿನ ಪಾರಣೆಯೊಂದಿಗೆ ಮುಗಿಯುವುದು. ಮನೆಯ ಊಟ ಐವತ್ತು ಅರವತ್ತು ವರ್ಷ, ಕಟ್ಟಿಸಿದವನು ಕಾಲವಾದ ಮೇಲೆಯೂ, ನಡೆಯುವುದು.

ಗೃಹಸ್ಥನಿಗೆ ಮನೆ ಬೇಕು. ಅದನ್ನು ಯಾವ ಆಚಾರ್ಯರೂ ನಿಷೇಧಿಸಿಲ್ಲ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಭಾಗಿಸಿ, ಶ್ರಾವಕನು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ಬಿಡಬೇಕು, ಉಳಿದವನ್ನು ಆದಷ್ಟು ತಗ್ಗಿಸಬೇಕು ಎಂದು ಹೇಳುವ ಕ್ರಮ ನಮಗೆಲ್ಲ ಪರಿಚಿತವೇ. ಮನೆ ಕಟ್ಟುವುದು ಆರಂಭೀ ಹಿಂಸೆ; ಆದುದರಿಂದ ಕ್ಷಮ್ಯ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಸಮಂತಭದ್ರಾಚಾರ್ಯರು ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆಯನ್ನು ವಿವರಿಸುವಾಗ ಏನನ್ನು ಹೆಸರಿಸಿದ್ದಾರೆಂಬುದನ್ನು ನೋಡಬೇಕು. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಕಲಕುವುದು, ಬೆಂಕಿ ಹೊತ್ತಿಸುವುದು, ಗಾಳಿಯೆಬ್ಬಿಸುವುದು, ಗಿಡಮರ ಕಡಿಯುವುದು. ಪೃಥ್ವೀಕಾಯ, ಜಲಕಾಯ, ಅಗ್ನಿಕಾಯ, ವಾಯುಕಾಯ, ವನಸ್ಪತಿಕಾಯ ಎಂಬ ಐದೂ ಸ್ಥಾವರಗಳು ಒಂದೇ ಸಾಲಿನಲ್ಲಿ ನಿಂತಿವೆ. ಈ ಐದನ್ನೂ ಒಂದೇ ಸಲ ಮುಟ್ಟುವ ಗೃಹಸ್ಥನ ಕೆಲಸ ಮನೆ ಕಟ್ಟುವುದನ್ನು ಬಿಟ್ಟರೆ ಬೇರಾವುದು? ಹಾಗಾದರೆ ಅದರಲ್ಲಿ ಎಷ್ಟು ಭಾಗ ಪ್ರಯೋಜನಕ್ಕೆ, ಎಷ್ಟು ಭಾಗ ಪ್ರಮಾದಕ್ಕೆ ಎಂದು ವಿಂಗಡಿಸುವುದು ವ್ರತಿಯ ಕರ್ತವ್ಯವಾಗುತ್ತದೆ.

ಇಲ್ಲಿ ಒಂದು ಆಕ್ಷೇಪವುಂಟು, ಅದು ಹಗುರವಾದುದಲ್ಲ. ನಾನು ಒಂದು ಪ್ಲಾಟು ಕೊಂಡೆ. ಹೊಲವನ್ನು ಕೆಡಿಸಿದವನು, ಹಳ್ಳ ಮುಚ್ಚಿದವನು, ಮರ ಕಡಿದವನು ಬಡಾವಣೆ ಮಾಡಿದವನು. ಅಲ್ಲಿ ಇನ್ನೂರು ಮನೆಗಳಿದ್ದರೆ ನನ್ನ ಪಾಲು ಇನ್ನೂರರಲ್ಲಿ ಒಂದು. ಹೀಗೆ ವಾದಿಸುವವರು ಕರ್ಮವನ್ನು ಅಣ್ಣತಮ್ಮಂದಿರ ನಡುವೆ ಹಂಚಿಕೆಯಾಗುವ ಸಾಲದಂತೆ ತಿಳಿದಿದ್ದಾರೆ. ಮೂವತ್ತಕ್ಕೂ ಹೆಚ್ಚು ವರ್ಷ ಭಾಗಾಕಾರ ಕಲಿಸಿದ ನನಗೆ ಈ ಲೆಕ್ಕದಲ್ಲಿ ದೋಷ ಕಾಣುತ್ತದೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವದ ವಿಚಾರ ಬರುವಾಗ ಒಂದು ಗುಣಾಕಾರವಿದೆ, ಭಾಗಾಕಾರವಿಲ್ಲ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು, ಮನೋವಾಕ್ಕಾಯಗಳೆಂಬ ಮೂರು, ಕೃತ, ಕಾರಿತ, ಅನುಮೋದನೆಯೆಂಬ ಮೂರು, ಕ್ರೋಧ, ಮಾನ, ಮಾಯೆ, ಲೋಭವೆಂಬ ನಾಲ್ಕು. ಗುಣಿಸಿದರೆ 108. ಜಪಮಾಲೆಯ ಮಣಿಗಳ ಸಂಖ್ಯೆಗೆ ನಮ್ಮ ಹಿರಿಯರು ಕೊಡುವ ಕಾರಣವೂ ಇದೇ. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು ಇವುಗಳಲ್ಲಿ ಪ್ರತಿಯೊಂದೂ ಪೂರ್ಣ ಲೆಕ್ಕವೇ ಆಗಿದೆ. ಇನ್ನೂರು ಜನ ಒಪ್ಪಿದರೆ ಇನ್ನೂರು ಅನುಮೋದನೆಗಳಾಗುತ್ತವೆ. ಬಂಧದ ತೀವ್ರತೆ–ಮಂದತೆಗಳು ಅವರವರ ಭಾವದಂತೆ, ತಿಳಿದು ಮಾಡಿದ್ದೋ ತಿಳಿಯದೆ ಮಾಡಿದ್ದೋ ಎಂಬುದರಂತೆ ಬೇರೆಯಾದಾವು. ನೆರೆಹೊರೆಯ ಸಂಖ್ಯೆಯಿಂದ ಅವು ಕಡಿಮೆಯಾಗುವುದಿಲ್ಲ.

ಈ 108ರ ಮೊದಲ ಮೂರನ್ನು ಇನ್ನಷ್ಟು ಬಿಡಿಸಿ ನೋಡಬೇಕು. ಸಂರಂಭವೆಂದರೆ ಮಾಡಬೇಕೆಂದು ಯೋಜಿಸುವುದು. ಸಮಾರಂಭವೆಂದರೆ ಸಾಧನಗಳನ್ನು ಕೂಡಿಸುವುದು. ಆರಂಭವೆಂದರೆ ಕೆಲಸಕ್ಕೆ ತೊಡಗುವುದು. ಬಡಾವಣೆಯ ನಕ್ಷೆ ಸಂರಂಭ; ಸಿಮೆಂಟು, ಕಬ್ಬಿಣ, ಮರಳು ತರಿಸುವುದು ಸಮಾರಂಭ; ಬುನಾದಿ ತೋಡುವುದು ಆರಂಭ. ನಾವು ಸಾಮಾನ್ಯವಾಗಿ ಬುನಾದಿಯ ಗುದ್ದಲಿಪೂಜೆಯ ದಿನ ಇರುವೆಗಳನ್ನು ನೋಡಿ ಮರುಗುತ್ತೇವೆ. ಆ ಹೊತ್ತಿಗೆ ಮೂರರಲ್ಲಿ ಎರಡು ಮುಗಿದಿರುತ್ತವೆ. ಮಳೆಯ ನೀರು ಎತ್ತಣಿಂದ ಎತ್ತ ಹರಿಯುತ್ತದೆಂದು ಕೇಳದೆ ಪಟ್ಟಿಯಿಟ್ಟು ಗೆರೆ ಎಳೆದರೆ ಪ್ರಮಾದ ಕಾಗದದ ಮೇಲೆಯೇ ನಡೆದುಹೋಯಿತು. ಮುನಿಗಳು ಈರ್ಯಾಸಮಿತಿಯಲ್ಲಿ ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಡುತ್ತಾರೆ. ಊರು ಹೆಜ್ಜೆಯಿಡುವಾಗ ನಾಲ್ಕು ತಲೆಮಾರಾದರೂ ನೋಡಬೇಡವೇ?

ಹಾಗೆಂದು ಹಳೆಯ ಮನೆಗಳಿಗೆ ಮರಳಿದರೆ ಸಾಕು, ಪೂರ್ವಿಕರು ಪ್ರಕೃತಿಗೆ ಅನುಸಾರವಾಗಿ ಬದುಕಿದ್ದರು ಎಂಬ ಮಾತನ್ನು ನಾನು ಒಪ್ಪಲಾರೆ. ಕಲ್ಲುಮಣ್ಣಿನ ದಪ್ಪ ಗೋಡೆ, ಮೇಲೆ ತೊಲೆ–ಹಲಗೆ, ಅದರ ಮೇಲೆ ಮಣ್ಣು ಹೊದಿಸಿದ ಮಾಳಿಗೆ; ಇದು ನಮ್ಮ ಸೀಮೆಯ ಮನೆ. ಬೇಸಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ, ದೂರದಿಂದ ತರಬೇಕಾದ ಸಾಮಗ್ರಿ ಏನೂ ಇಲ್ಲ. ಆದರೆ 1993ರ ಸೆಪ್ಟೆಂಬರ್ 30ರಂದು, ಅನಂತ ಚತುರ್ದಶಿಯ ಸಂಭ್ರಮ ಮುಗಿದು ಜನ ಮಲಗಿದ್ದ ನಸುಕಿನಲ್ಲಿ, ಆಳಂದದ ಗಡಿಯಾಚೆ ಲಾತೂರು ಜಿಲ್ಲೆಯ ಕಿಲ್ಲಾರಿ ಮತ್ತು ಉಮರ್ಗಾ ಸೀಮೆಯಲ್ಲಿ ಭೂಮಿ ಕಂಪಿಸಿದಾಗ ಇಂಥ ಮನೆಗಳೇ ಕುಸಿದವು. ಮೃತರ ಸಂಖ್ಯೆ ಸುಮಾರು 8,000. ಕಂಪನದ ಪ್ರಮಾಣ 6.2ರಷ್ಟಿತ್ತು, ಅಷ್ಟಕ್ಕೆ ಅಷ್ಟೊಂದು ಜೀವ ಹೋಗಲು ಮುಖ್ಯ ಕಾರಣ ತಲೆಯ ಮೇಲಿದ್ದ ಮಣ್ಣಿನ ಭಾರ, ಎರಡು ಮುಖಗಳನ್ನು ಬೆಸೆಯುವ ಉದ್ದಗಲ್ಲುಗಳಿಲ್ಲದ ಗೋಡೆ. ಪೃಥ್ವೀಕಾಯಕ್ಕೆ ಕಡಿಮೆ ಹಿಂಸೆಯಾದ ಮನೆ ಪಂಚೇಂದ್ರಿಯ ಜೀವಗಳನ್ನು ಮಲಗಿದ್ದಲ್ಲಿಯೇ ಹೂತುಹಾಕಿತು. ಮನೆಯ ಗುಣದೋಷಗಳನ್ನು ಒಂದೇ ಅಳತೆಗೋಲಿನಿಂದ ಅಳೆಯಬಾರದೆಂಬುದಕ್ಕೆ ಇದಕ್ಕಿಂತ ಕಠೋರವಾದ ಪಾಠವನ್ನು ನಾನರಿಯೆ.

ಅಲ್ಲಿ ಅನಂತರ ನಡೆದುದನ್ನೂ ನೋಡಬೇಕು. ಸರ್ಕಾರವೂ ದಾನಿಗಳೂ ಸೇರಿ ಐವತ್ತಕ್ಕೂ ಹೆಚ್ಚು ಹಳ್ಳಿಗಳನ್ನು ಬೇರೆಡೆ ಹೊಸದಾಗಿ ಕಟ್ಟಿದರು. ಮನೆಗಳು ಗಟ್ಟಿಯಾದವು, ಊರುಗಳು ಹಳೆಯ ನೆಲಕ್ಕಿಂತ ಅನೇಕ ಪಟ್ಟು ನೆಲವನ್ನು ನುಂಗಿದವು. ಚೌಕಟ್ಟಾದ ಅಗಲ ರಸ್ತೆಗಳು, ದೂರದೂರ ನಿಂತ ಮನೆಗಳು, ನೆರಳಿಲ್ಲ, ಕಟ್ಟೆಯಿಲ್ಲ. ನಮ್ಮ ರಾಜ್ಯದಲ್ಲಿ 2009ರ ನೆರೆಯ ಅನಂತರ ಆಸರೆ ಯೋಜನೆಯಲ್ಲಿ ಕಟ್ಟಿದ ಹೊಸ ಊರುಗಳ ಕಥೆಯೂ ಅನೇಕ ಕಡೆ ಹೀಗೆಯೇ ಆಯಿತು. ಎತ್ತು–ಎಮ್ಮೆ ಕಟ್ಟಲು ಸ್ಥಳವಿಲ್ಲದ ಮನೆಯನ್ನು ಬಿಟ್ಟು ರೈತರು ಮುಳುಗುವ ಊರಿಗೇ ಮರಳಿದರು. ಕಟ್ಟಿ ಖಾಲಿಬಿಟ್ಟ ಮನೆಗಿಂತ ಸ್ಪಷ್ಟವಾದ ಅನರ್ಥದಂಡ ಯಾವುದಿದೆ? ಅಲ್ಲಿ ಐದೂ ಸ್ಥಾವರಗಳ ಹಿಂಸೆಯಾಯಿತು, ಪ್ರಯೋಜನ ಸೊನ್ನೆ.

ಭೀಮಾ ನದಿಯ ವಿಷಯವನ್ನು ಬಹಳ ಬೆಳೆಸಬೇಕಾಗಿಲ್ಲ. 2020ರ ಅಕ್ಟೋಬರಿನಲ್ಲಿಯೂ 2025ರ ಸೆಪ್ಟೆಂಬರಿನಲ್ಲಿಯೂ ಅದು ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ತೀರದ ಹಳ್ಳಿಗಳಿಗೆ ನುಗ್ಗಿದುದನ್ನು ಓದುಗರಲ್ಲಿ ಅನೇಕರು ಕಣ್ಣಾರೆ ಕಂಡಿದ್ದಾರೆ. ಮೇಲೆ ಸೊಲ್ಲಾಪುರ ಜಿಲ್ಲೆಯ ಉಜನಿಯಲ್ಲಿ ಅಣೆಕಟ್ಟು, ಇಲ್ಲಿ ಸೊನ್ನದಲ್ಲಿ ಬ್ಯಾರೇಜು. ನೀರನ್ನು ಹಿಡಿದಿಡುವವರು ಇದ್ದಾರೆಂಬ ಧೈರ್ಯದಿಂದ ನದಿಯ ಹಾಸಿಗೆಯನ್ನು ನಾವು ನಮ್ಮದೆಂದು ತಿಳಿಯುತ್ತೇವೆ. ದಿಗ್ವ್ರತದಲ್ಲಿ ಶ್ರಾವಕನು ನದಿ, ಪರ್ವತ, ಅರಣ್ಯಗಳನ್ನು ಗುರುತಾಗಿಟ್ಟುಕೊಂಡು ಇದರಾಚೆ ಹೋಗೆನೆಂದು ನಿಯಮ ಮಾಡುತ್ತಾನೆ. ನದಿಯು ಹಿಂದೆ ಏರಿದ ಗುರುತಿನ ಒಳಗೆ ಮನೆ ಕಟ್ಟೆನೆಂಬುದು ಅಂಥದೇ ನಿಯಮವಾಗಬಾರದೇಕೆ?

ಈಗ ನೀರಿನ ವಿಚಾರಕ್ಕೆ ಬರುತ್ತೇನೆ. ನನ್ನ ಅಭಿಪ್ರಾಯದಲ್ಲಿ ದಿಗಂಬರ ಶ್ರಾವಕನ ಮಟ್ಟಿಗೆ ಬಡಾವಣೆಯ ಪ್ರಶ್ನೆ ಇತ್ಯರ್ಥವಾಗುವುದು ಇಲ್ಲಿಯೇ.

ನೀರನ್ನು ಎರಡು ಮಡಿಕೆಯ ದಪ್ಪ ಬಟ್ಟೆಯಲ್ಲಿ ಸೋಸಿ ಬಳಸುವುದು ನಮ್ಮ ಮನೆಗಳ ಗುರುತು. ಸೋಸಿದ ನೀರಿಗೆ ಎರಡು ಘಳಿಗೆಯ, ಅಂದರೆ 48 ನಿಮಿಷಗಳ ಮರ್ಯಾದೆ. ಕಾಯಿಸಿದ ನೀರಿಗೆ ಎಂಟು ಪ್ರಹರದ್ದು. ಇಷ್ಟನ್ನು ಮಕ್ಕಳೂ ಬಲ್ಲರು. ಆದರೆ ಸೋಸುವುದು ಕ್ರಿಯೆಯ ಅರ್ಧ ಮಾತ್ರ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು, ಜೀವಾಣಿಯನ್ನು, ಸೋಸಿದ ನೀರಿನಿಂದಲೇ ತೊಳೆದು, ಯಾವ ನೀರಿನಿಂದ ಅವು ಬಂದವೋ ಅದೇ ನೀರಿಗೆ, ಮೇಲಿನಿಂದ ಸುರಿಯದೆ, ಕೊಡವನ್ನು ಇಳಿಬಿಟ್ಟು ಮೆಲ್ಲಗೆ ಮುಟ್ಟಿಸಬೇಕು. ಒಂದು ಬಾವಿಯ ಜೀವ ಇನ್ನೊಂದು ಬಾವಿಯಲ್ಲಿ ಬದುಕಲಾರದು. ಈ ಅರ್ಧವನ್ನು ಬಿಟ್ಟರೆ ಸೋಸುವಿಕೆ ನಮ್ಮ ಆರೋಗ್ಯಕ್ಕಾದೀತು, ಅಹಿಂಸೆಗಾಗದು.

ಕೊಳವೆಬಾವಿಗೆ ಜೀವಾಣಿಯನ್ನು ಮರಳಿಸುವುದು ಹೇಗೆ? ನಾನೂರು ಐನೂರು ಅಡಿಯ ಆಳದಿಂದ ಯಂತ್ರ ಎತ್ತಿದ ನೀರಿಗೆ ಮರಳುವ ದಾರಿಯಿಲ್ಲ. ಟ್ಯಾಂಕರಿನ ನೀರು ಯಾವ ನೀರೆಂಬುದೇ ತಿಳಿಯದು. ಆದುದರಿಂದಲೇ ಅನೇಕ ಮುನಿಗಳೂ ತ್ಯಾಗಿಗಳೂ ತೆರೆದ ಬಾವಿಯ ನೀರಿನಿಂದ ಮಾಡಿದ ಆಹಾರವನ್ನಷ್ಟೇ ಸ್ವೀಕರಿಸುತ್ತಾರೆ. ಸಂಘ ವಿಹಾರ ಮಾಡುತ್ತ ಬಂದಾಗ ಬಾವಿಯಿರುವ ಮನೆಯನ್ನು ಹುಡುಕಿಕೊಂಡು ಹೋಗಿ ನೀರು ತರುವ ಕಷ್ಟ ಚೌಕ ಹೂಡುವ ತಾಯಂದಿರಿಗೆ ಗೊತ್ತು. ಈಗ ಯೋಚಿಸಿರಿ. ಪ್ರತಿ ಪ್ಲಾಟಿಗೂ ಒಂದು ಕೊಳವೆಬಾವಿ ಕೊರೆದ ಬಡಾವಣೆಯಲ್ಲಿ ಸುತ್ತಲಿನ ತೆರೆದ ಬಾವಿಗಳು ಬತ್ತುತ್ತವೆ. ಅಂಥ ಬಡಾವಣೆಯಲ್ಲಿ ಸಂಗಮರವರಿಯ ನೆಲ ಹಾಸಿದ ಅಡಿಗೆಮನೆಯಿರಬಹುದು, ಗಂಧದ ಬಾಗಿಲಿರಬಹುದು. ಮುನಿಗಳ ಕೈಯಲ್ಲಿಡಲು ಒಂದು ಅಂಜಲಿ ನೀರಿರದು. ಆಹಾರದಾನವೆಂಬ ಶಿಕ್ಷಾವ್ರತವನ್ನು ಆ ಮನೆಯ ಗೃಹಿಣಿ ಇಚ್ಛಿಸಿದರೂ ನಡೆಸಲಾರಳು. ವ್ರತ ಮುರಿದುದು ಅವಳ ಮನಸ್ಸಿನಿಂದಲ್ಲ, ನೆಲದಡಿಯ ನೀರು ಇಳಿದುದರಿಂದ. ಆ ನೀರನ್ನು ಇಳಿಸಿದವರು ಎಲ್ಲರೂ.

ವ್ರತ ವೈಯಕ್ತಿಕವಾದುದು. ಒಬ್ಬನ ಪರವಾಗಿ ಇನ್ನೊಬ್ಬನು ಉಪವಾಸ ಮಾಡಲಾಗದು. ಒಬ್ಬನ ಕರ್ಮವನ್ನು ಇನ್ನೊಬ್ಬನು ನಿರ್ಜರೆ ಮಾಡಲಾರನು. ಇದು ಸಿದ್ಧಾಂತ, ಇದರಲ್ಲಿ ರಾಜಿಯಿಲ್ಲ. ಆದರೆ ವ್ರತವನ್ನು ನಡೆಸಲು ಬೇಕಾದ ಬಾಹ್ಯ ನಿಮಿತ್ತಗಳಲ್ಲಿ ಕೆಲವು ಸಮುದಾಯದ ಕೈಯಲ್ಲಿವೆ. ಬಾವಿಯ ನೀರು ಅಂಥದು. ನಾನೊಬ್ಬನು ಕೊಳವೆಬಾವಿ ಕೊರೆಯೆನೆಂದು ನಿಯಮ ಮಾಡಿದರೆ ನನ್ನ ಆಸ್ರವ ತಗ್ಗುತ್ತದೆ. ಬಾವಿಯಲ್ಲಿ ನೀರು ನಿಲ್ಲುವುದಿಲ್ಲ. ಅದಕ್ಕೆ ಬಡಾವಣೆಯವರೆಲ್ಲರೂ ಬೇರೆಬೇರೆಯಾಗಿ, ಆದರೆ ಒಂದೇ ನಿಯಮವನ್ನು ತೆಗೆದುಕೊಳ್ಳಬೇಕು.

ಇದು ಕನಸಿನ ಮಾತೆಂದು ಕೆಲವರು ಹೇಳುವರು. ನಮ್ಮ ಮಕ್ಕಳು ನೌಕರಿಗೆ ಹೋಗಿ ನೆಲೆಸಿರುವ ಬೆಂಗಳೂರಿನಲ್ಲಿ, ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಎಂಬ ಬಡಾವಣೆಯಲ್ಲಿ ಇದು ನಡೆದಿದೆ. ಅಲ್ಲಿಗೆ ನಗರದ ಕೊಳಾಯಿ ನೀರಿರಲಿಲ್ಲ. ಬಡಾವಣೆಯ ಸಾಮೂಹಿಕ ಕೊಳವೆಬಾವಿಗಳು ಒಂದೊಂದಾಗಿ ಬತ್ತತೊಡಗಿದವು. ನಿವಾಸಿಗಳ ಸಂಘವು ಯಾರೂ ತಮ್ಮ ನಿವೇಶನದಲ್ಲಿ ಖಾಸಗಿ ಕೊಳವೆಬಾವಿ ಕೊರೆಯಬಾರದೆಂದು ನಿರ್ಣಯಿಸಿತು. ಹೆಚ್ಚು ಬಳಸಿದವರಿಗೆ ಹೆಚ್ಚಿನ ದರ ಕಟ್ಟಿತು. ಮನೆಮನೆಯ ಮುಂದೆ, ರಸ್ತೆಯ ಚರಂಡಿಗಳಲ್ಲಿ, ಮಳೆನೀರನ್ನು ನೆಲಕ್ಕಿಳಿಸುವ ಇಂಗುಬಾವಿಗಳನ್ನು ತೋಡಿಸಿತು. ಬಚ್ಚಲ ನೀರನ್ನು ಶುದ್ಧೀಕರಿಸುವ ವ್ಯವಸ್ಥೆ ಮಾಡಿತು. ಅವರಲ್ಲಿ ನಾನಾ ಮತದವರಿದ್ದಾರೆ. ಅಣುವ್ರತವೆಂಬ ಹೆಸರನ್ನು ಅವರು ಕೇಳಿರಲಿಕ್ಕಿಲ್ಲ. ಬಳಕೆಗೆ ಮಿತಿ, ಮಿತಿ ಮೀರಿದರೆ ದಂಡ, ತೆಗೆದುದಕ್ಕೆ ಪ್ರತಿಯಾಗಿ ಮರಳಿಸುವುದು. ಭೋಗೋಪಭೋಗ ಪರಿಮಾಣವೆಂದು ನಾವು ಪಾಠ ಹೇಳುವುದನ್ನು ಅವರು ಅನಿವಾರ್ಯದಿಂದ ಆಚರಣೆಗೆ ತಂದಿದ್ದಾರೆ. ನಿಯಮಕ್ಕೆ ತಪ್ಪಿದವರೊಂದಿಗೆ ಸಂಘವು ವರ್ಷಗಟ್ಟಲೆ ಹೆಣಗುವುದು ಇಂಥ ಕೆಲಸದಲ್ಲಿ ಇದ್ದದ್ದೇ. ನಮ್ಮ ಪಂಚರಿಗೂ ಅದು ಹೊಸದಲ್ಲ.

ನಮ್ಮ ನೆಲದ ಗುಣ ಬೇರೆ ಎಂಬುದನ್ನು ಮರೆಯಬಾರದು. ಎರೆಮಣ್ಣು ಮಳೆ ಬಿದ್ದೊಡನೆ ಉಬ್ಬಿ ತನ್ನ ಬಿರುಕುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಮೇಲೆ ನಿಂತ ನೀರು ಸುಲಭವಾಗಿ ಇಳಿಯುವುದಿಲ್ಲ. ಆದುದರಿಂದ ಇಂಗುಬಾವಿಯನ್ನು ಎರೆಯಲ್ಲಿಯೇ ನಿಲ್ಲಿಸಿದರೆ ಅದು ಕೆಸರುಗುಂಡಿಯಾಗುವುದು. ಎರೆಯನ್ನು ದಾಟಿ ಗರಸಿನ ಪದರ ಮುಟ್ಟುವವರೆಗೆ ತೋಡಬೇಕು. ಆಳಂದ, ಅಫಜಲಪುರಗಳಲ್ಲಿ ಕೆಳಗೆ ಕರಿಕಲ್ಲು; ಜೇವರ್ಗಿಯ ಕಡೆ ಸುಣ್ಣಕಲ್ಲೂ ಸಿಗುತ್ತದೆ. ಎಲ್ಲಿ ತೋಡಬೇಕೆಂಬುದನ್ನು ಬಾವಿ ತೋಡುವ ವಡ್ಡರ ಅನುಭವಸ್ಥರು ಪುಸ್ತಕ ಓದಿದವರಷ್ಟೇ ಚೆನ್ನಾಗಿ ಹೇಳಬಲ್ಲರು. ಅವರನ್ನು ನಕ್ಷೆಯ ಸಮಯಕ್ಕೇ ಕರೆಯಬೇಕು.

ಮಳೆಯ ಲೆಕ್ಕವನ್ನೂ ಹಾಕೋಣ. ವರ್ಷಕ್ಕೆ 700 ಮಿಲಿಮೀಟರ್ ಮಳೆಯೆಂದೂ ಮಾಳಿಗೆ 100 ಚದರ ಮೀಟರ್ ಎಂದೂ ಹಿಡಿದರೆ ಅದರ ಮೇಲೆ ಬೀಳುವ ನೀರು 70,000 ಲೀಟರ್. ಐದರಲ್ಲಿ ಒಂದು ಪಾಲು ವ್ಯರ್ಥವಾದರೂ 56,000 ಉಳಿಯಿತು. ಐದು ಜನರ ಕುಟುಂಬಕ್ಕೆ ಕುಡಿಯಲು, ಅಡಿಗೆಗೆ ತಲೆಗೆ ದಿನಕ್ಕೆ 10 ಲೀಟರಿನಂತೆ ವರ್ಷಕ್ಕೆ ಬೇಕಾದುದು 18,250 ಲೀಟರ್. ಮೂರರಲ್ಲಿ ಒಂದು ಪಾಲು ಸಾಕು. ಎರಡು ಪಾಲನ್ನು ಬಾವಿಗೆ ಕೊಡಬಹುದು. ಮಳೆ ಕಡಿಮೆಯಾದ ವರ್ಷ ಅರ್ಧವೇ ಬಂದರೂ ಲೆಕ್ಕ ಮುರಿಯುವುದಿಲ್ಲ. ಏಳನೆಯ ತರಗತಿಯ ಮಗುವೂ ಮಾಡಬಲ್ಲ ಈ ಲೆಕ್ಕವನ್ನು ಮಾಡದೆ ಲಕ್ಷಾಂತರ ರೂಪಾಯಿಯ ಮನೆ ಕಟ್ಟುವುದನ್ನು ಕಂಡರೆ ಮಾಸ್ತರನಾದವನಿಗೆ ಬೇಸರವಾಗುತ್ತದೆ.

ಸಾಮಗ್ರಿಯ ವಿಷಯ. ಸಾವಿರ ಚದರಡಿಯ ಮನೆಗೆ ಸುಮಾರು 400 ಚೀಲ ಸಿಮೆಂಟು ಹಿಡಿಯುತ್ತದೆಂದು ಮೇಸ್ತ್ರಿಗಳು ಅಂದಾಜು ಹೇಳುತ್ತಾರೆ. ಅಂದರೆ 20 ಟನ್. ಅದಕ್ಕಾಗಿ ಸುಣ್ಣಕಲ್ಲನ್ನು ಒಡೆದು ಸುಮಾರು 1,450 ಡಿಗ್ರಿ ಶಾಖದಲ್ಲಿ ಸುಡಬೇಕು. ಒಂದು ಟನ್ ಗಟ್ಟಿಗೆ ಒಂದೂವರೆ ಟನ್ನಿನಷ್ಟು ಕಲ್ಲು. ಆ ಬೆಂಕಿ ಎಲ್ಲೋ ದೂರದಲ್ಲಿಲ್ಲ. ವಾಡಿಯಲ್ಲಿದೆ, ಸೇಡಂ ಸೀಮೆಯಲ್ಲಿದೆ, ಮಳಖೇಡದಲ್ಲಿಯೇ ಇದೆ. ರಾಷ್ಟ್ರಕೂಟರ ಮಾನ್ಯಖೇಟವಾಗಿ, ನೇಮಿನಾಥ ಬಸದಿಯ ಊರಾಗಿ ನಾವು ವಂದಿಸುವ ಆ ಮಳಖೇಡದ ಆಸುಪಾಸಿನ ನೆಲವನ್ನು ತೋಡಿಯೇ ನಮ್ಮ ಮಾಳಿಗೆಗಳು ಏಳುತ್ತಿವೆ. ಸಿಮೆಂಟು ಬೇಡವೆನ್ನಲಾರೆ, ಕಿಲ್ಲಾರಿಯನ್ನು ಕಂಡ ಮೇಲೆ ಗೋಡೆಯನ್ನು ಸುತ್ತ ಬಿಗಿಯುವ ಕಾಂಕ್ರೀಟಿನ ಪಟ್ಟಿ ಬೇಡವೆನ್ನುವುದು ಪಾಪೋಪದೇಶವಾದೀತು. ಆ ಪಟ್ಟಿಗೆ ಬೇಕಾದಷ್ಟು ಬಳಸಿ ಉಳಿದುದಕ್ಕೆ ಶಹಾಬಾದು ಕಲ್ಲು, ಸುಣ್ಣದ ಗಾರೆ, ಒತ್ತಿ ಮಾಡಿದ ಮಣ್ಣಿನ ಇಟ್ಟಿಗೆ ಬಳಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವು ಸ್ವಲ್ಪ ಸಿಮೆಂಟು ಬೆರೆಸಿ, ಸುಡದೆ, ಒತ್ತಿ ಮಾಡುವ ಇಂಥ ಇಟ್ಟಿಗೆಗಳನ್ನು ರೂಢಿಗೆ ತಂದಿತು. ನಮ್ಮ ಎರೆಮಣ್ಣು ಅದಕ್ಕೆ ಒಗ್ಗದು, ಉಬ್ಬುತ್ತದೆ. ಕೆಂಪುಮಣ್ಣು, ಗರಸು ದೊರೆಯುವಲ್ಲಿ ಮಾತ್ರ ಅದು ಲಾಭಕರ.

ಊರಿನ ಪರಿಮಾಣವನ್ನು ಕುರಿತು ನಮ್ಮ ಗ್ರಂಥಗಳಲ್ಲಿ ಏನೂ ಇಲ್ಲವೆಂದು ತಿಳಿಯಬಾರದು. ಅಮೋಘವರ್ಷ ನೃಪತುಂಗನ ಗುರುವೆನಿಸಿದ ಜಿನಸೇನಾಚಾರ್ಯರು ಆದಿಪುರಾಣದ ಹದಿನಾರನೆಯ ಪರ್ವದಲ್ಲಿ, ಭಗವಾನ್ ವೃಷಭದೇವರ ಕಾಲದಲ್ಲಿ ಗ್ರಾಮನಗರಗಳ ರಚನೆಯಾದುದನ್ನು ಹೇಳುತ್ತ, ಗ್ರಾಮವೆಂದರೆ ಏನೆಂಬುದನ್ನು ವಿವರಿಸಿದ್ದಾರೆ. ಬೇಲಿಯಿಂದ ಸುತ್ತುವರಿದು, ತೋಟಗಳಿಂದಲೂ ಜಲಾಶಯಗಳಿಂದಲೂ ಕೂಡಿರಬೇಕು. ಚಿಕ್ಕ ಗ್ರಾಮಕ್ಕೆ ನೂರು ಕುಟುಂಬ, ದೊಡ್ಡದಕ್ಕೆ ಐನೂರು. ಸೀಮೆ ಒಂದು ಕ್ರೋಶ, ಹೆಚ್ಚೆಂದರೆ ಎರಡು. ಎಲ್ಲೆಯ ಗುರುತು ನದಿ, ಬೆಟ್ಟ, ಮರ, ಕಾಡು, ಸೇತುವೆಗಳು. ಐತಿಹಾಸಿಕರು ಇದನ್ನು ಒಂಬತ್ತನೆಯ ಶತಮಾನದ ಈ ನಾಡಿನ ಚಿತ್ರವೆಂದು ಓದಬಹುದು. ವ್ರತದ ಕಣ್ಣಿನಿಂದ ಓದುವವರಿಗೆ ಮುಖ್ಯವಾದುದು ಐನೂರೆಂಬ ಮೇಲ್ಮಿತಿ. ಮನುಷ್ಯನಿಗೆ ಪರಿಮಾಣವಿರುವಂತೆ ಊರಿಗೂ ಪರಿಮಾಣವಿತ್ತು. ತುಂಬಿದ ಮೇಲೆ ಬೇರೆ ಊರು, ಬೇರೆ ಜಲಾಶಯ. ಇಂದಿನ ಬಡಾವಣೆಗೆ ಮೇಲ್ಮಿತಿಯನ್ನು ವಿಧಿಸುವುದು ಮಾರುವವನ ಲೋಭವೊಂದೇ; ಲೋಭಕ್ಕೆ ಮೇಲ್ಮಿತಿಯಿಲ್ಲ. ತೋಟವೂ ಜಲಾಶಯವೂ ಊರಿನ ಲಕ್ಷಣದಲ್ಲಿಯೇ ಸೇರಿರುವುದನ್ನೂ ಗಮನಿಸಬೇಕು. ಉದ್ಯಾನಕ್ಕೆಂದು ಬಿಟ್ಟ ನೆಲ ಎರಡು ವರ್ಷಗಳಲ್ಲಿ ಯಾರದೋ ಗೋಡೆಯೊಳಗೆ ಸೇರುವುದನ್ನು ಕಂಡಿರುವ ನಮಗೆ ಆ ಲಕ್ಷಣ ಅರ್ಥವಾಗಬೇಕು.

ಇನ್ನು ಸಣ್ಣಪುಟ್ಟ ಸಂಗತಿಗಳು. ಸಣ್ಣವೆಂದು ಕಾಣುವುವೇ ಹೆಚ್ಚು ಜೀವ ತೆಗೆಯುತ್ತವೆ. ಚರಂಡಿಗೆ ನೂರು ಅಡಿಗೆ ಒಂದು ಅಡಿಯಷ್ಟು ಇಳಿಜಾರು ಕೊಡಲು ಒಂದು ರೂಪಾಯಿ ಹೆಚ್ಚು ಬೇಡ. ಕೊಡದಿದ್ದರೆ ನೀರು ನಿಂತು ಸಮ್ಮೂರ್ಛನ ಜೀವಗಳು ಕೋಟಿಗಟ್ಟಲೆ ಹುಟ್ಟುವುವು, ಆಮೇಲೆ ಪುರಸಭೆಯವರು ವಿಷದ ಹೊಗೆ ಹಾಕುವರು. ಹುಟ್ಟಿಸಿದ್ದೂ ನಾವೇ, ಕೊಲ್ಲಿಸಿದ್ದೂ ನಾವೇ. ಅಡಿಗೆಮನೆಗೆ ಪಶ್ಚಿಮದ ಬೆಳಕೂ ಸಿಗುವಂತಿದ್ದರೆ ಸೂರ್ಯಾಸ್ತಕ್ಕೆ ಮುಂಚೆ ಅನ್ಥವು ಮುಗಿಸುವ ಮನೆಯಲ್ಲಿ ಹಗಲಲ್ಲಿ ದೀಪ ಹಚ್ಚಬೇಕಾಗಿಲ್ಲ. ಬೀದಿದೀಪಗಳನ್ನು ತಗ್ಗಿಸಿ, ಬೆಳಕು ಕೆಳಗೆ ಮಾತ್ರ ಬೀಳುವಂತೆ ಮುಚ್ಚಿದರೆ ಮಳೆಗಾಲದ ರಾತ್ರಿಗಳಲ್ಲಿ ಸಾಯುವ ಹುಳುಗಳ ರಾಶಿ ಕಡಿಮೆಯಾದೀತು. ಆಲ, ಅರಳಿ, ಅತ್ತಿಗಳನ್ನು ನೆಡಬಾರದೆಂದು, ಪಂಚೋದುಂಬರ ನಮಗೆ ವರ್ಜ್ಯವೆಂದು ಒಬ್ಬರು ವಾದಿಸಿದುದನ್ನು ಕೇಳಿದ್ದೇನೆ. ಆ ಹಣ್ಣುಗಳಲ್ಲಿ ತ್ರಸಜೀವಗಳಿರುವುದರಿಂದ ತಿನ್ನುವುದು ವರ್ಜ್ಯ. ಆ ಜೀವಗಳಿಗೆ ಮನೆಯಾದ ಮರವನ್ನು ನೆಡುವುದು ವರ್ಜ್ಯವಾಗುವುದು ಹೇಗೆ?

ಕೊನೆಯದಾಗಿ, ಬಸದಿಯ ಸುತ್ತ ನಮ್ಮವರೇ ಇರುವ ಒಂದು ಬಡಾವಣೆಯಾದರೆ ಇವೆಲ್ಲವೂ ಸುಲಭವೆಂಬ ಮಾತಿದೆ. ರಾತ್ರಿಭೋಜನವಿಲ್ಲದ, ಸೋಸಿದ ನೀರಿನ ಬೀದಿ ಯಾರಿಗೆ ಬೇಡ? ಆದರೂ ನಾನು ಇದನ್ನು ಒಪ್ಪಲಾರೆ. ಈ ಮೂರು ತಾಲ್ಲೂಕುಗಳಲ್ಲಿ ನಮ್ಮ ಮನೆಗಳು ಅಲ್ಲೊಂದು ಇಲ್ಲೊಂದು; ಗೋಡೆ ಕಟ್ಟಿಕೊಂಡು ಒಳಗಿದ್ದರೂ ಗೋಡೆಯಾಚೆ ಕಬ್ಬಿನ ಗದ್ದೆಗೆ ನೀರೆತ್ತುವ ಕೊಳವೆಬಾವಿ ನಮ್ಮ ಬಾವಿಯನ್ನೇ ಬರಿದು ಮಾಡುತ್ತದೆ. ನೆಲದಡಿಯ ನೀರಿಗೆ ಕುಲಗೋತ್ರಗಳಿಲ್ಲ. ಆಚೆಯವರೊಂದಿಗೆ ಕುಳಿತು ಮಾತನಾಡದೆ ಈಚೆಯ ಬಾವಿ ಉಳಿಯದು. ಅವರಿಗೆ ಜೀವಾಣಿಯ ವಿಚಾರ ಹೇಳಬೇಕಾಗಿಲ್ಲ. ಬೇಸಗೆಯಲ್ಲಿ ಬಾವಿ ಬತ್ತುವ ವಿಚಾರ ಹೇಳಿದರೆ ಸಾಕು, ಅದು ಅವರಿಗೂ ಗೊತ್ತಿದೆ.

ಚಾತುರ್ಮಾಸದಲ್ಲಿ ನಿಯಮ ತೆಗೆದುಕೊಳ್ಳುವಾಗ ಇಷ್ಟು ಹಸಿರುಕಾಯಿ, ಇಷ್ಟು ರಸ ಎಂದು ಎಣಿಸುವ ಧರ್ಮಬಂಧುಗಳಲ್ಲಿ ಪ್ಲಾಟು ಕೊಳ್ಳುವ ವಿಚಾರವುಳ್ಳವರು ಇದ್ದರೆ, ಕ್ರಯಪತ್ರಕ್ಕೆ ರುಜು ಮಾಡುವ ಮುನ್ನ ಮೂರು ಸಂಗತಿಗಳನ್ನು ಕೇಳಿ ತಿಳಿದುಕೊಳ್ಳಲಿ: ಈ ಹೊಲದ ನೀರು ಹಿಂದೆ ಯಾವ ಹಳ್ಳಕ್ಕೆ ಹರಿಯುತ್ತಿತ್ತು, ಆ ಹಳ್ಳ ನಕ್ಷೆಯಲ್ಲಿ ಎಲ್ಲಿದೆ, ಸಾಮೂಹಿಕ ಬಾವಿಗೆ ಜಾಗ ಬಿಟ್ಟಿದ್ದಾರೆಯೇ. ಬಿಟ್ಟಿರದಿದ್ದರೆ, ಕೊಂಡವರು ನಾಲ್ಕಾರು ಮಂದಿ ಸೇರಿ ನಕ್ಷೆ ಮಂಜೂರಾಗುವ ಮೊದಲೇ ಕೇಳಬೇಕು. ಬಾವಿಯನ್ನು ತೋಡಿಸುವುದು ಚೈತ್ರ–ವೈಶಾಖಗಳಲ್ಲಿ, ನೀರು ಅತ್ಯಂತ ಕೆಳಗಿರುವಾಗ. ಆಗ ಸಿಕ್ಕ ನೀರು ವರ್ಷವಿಡೀ ನಿಲ್ಲುವ ಸಂಭವ ಹೆಚ್ಚು. ಬಾಯಿಗೆ ಕಟ್ಟೆ, ಕಟ್ಟೆಗೆ ಜಾಲರಿ, ಜೀವಾಣಿ ಇಳಿಬಿಡಲು ಒಂದು ರಾಟೆ.